ನೆಲಗವಳೆ ಮುಚ್ಚಿದ ದಾರಿ

ಸದಾಶಿವನಗರ, ತುಮಕೂರು
12 ಜೂನ್ 1979

ಗೆಳೆಯ ಬೆಟ್ಟಯ್ಯ,

ಕೆಲಸ ಸಿಕ್ಕಿತು. ಸರ್ಕಾರಿ ನರ್ಸರಿಯಲ್ಲಿ ತೋಟಗಾರಿಕೆ ಸಹಾಯಕಿ. ಕಾಲೇಜಿನ ಮೆಟ್ಟಿಲ ಮೇಲೆ ನಿನ್ನ ಪಕ್ಕ ನಿಂತು ಘೋಷಣೆ ಕೂಗಿದವಳು ಈಗ ಕುಂಡಕ್ಕೆ ಗೊಬ್ಬರ ತುಂಬುತ್ತಿದ್ದೇನೆ. ನಗು, ಪರವಾಗಿಲ್ಲ. ಅಪ್ಪನಿಗೆ ಸಮಾಧಾನವಿಲ್ಲ. "ಕೊಬ್ಬರಿ ಮಂಡಿಯವರ ಮಗಳು ಮಣ್ಣು ಹೊರೋಕೆ ಹೋಗ್ತಾಳೆ ಅಂತ ಮಠದಲ್ಲಿ ಆಡ್ಕೋತಾರೆ ಕಣೇ" ಅಂದರು. "ಕಾಯಕ ಕಾಯಕ ಅಂತ ದಿನಾ ಹೇಳೋದು ನೀವೇ ಅಲ್ವಾ?" ಅಂದೆ. ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತರು.

ನಮ್ಮಲ್ಲಿ ಒಂದು ಗಿಡ ಇದೆ. ದೇವರಾಯನದುರ್ಗದಲ್ಲಿ ನಾವೆಲ್ಲ ಕಿತ್ತು ತಿಂದ ಕವಳೆ ಹಣ್ಣಿನ ಗಿಡ ನೆನಪಿದೆಯಾ? ಅದರ ದಾಯಾದಿ. ಆದರೆ ಇದು ಎದ್ದು ನಿಲ್ಲುವುದಿಲ್ಲ. ಮೊಣಕಾಲೆತ್ತರಕ್ಕೆ ಬಂದು, ನೆಲ ಹಿಡಿದು ಹರಡುತ್ತದೆ. ಹೊಳೆಯುವ ದಪ್ಪ ಎಲೆ, ಮಲ್ಲಿಗೆಯಂಥ ಬಿಳಿ ಹೂ, ಆಮೇಲೆ ಕೆಂಪು ಹಣ್ಣು. ಮುಳ್ಳೂ ಇದೆ. ಮಾಲಿಗಳು ನೆಲಗವಳೆ ಅನ್ನುತ್ತಾರೆ. ಚೆಂದಕ್ಕೆ ಬೆಳೆಸುವುದು, ಆದರೆ ಮಣ್ಣನ್ನೂ ಹಿಡಿದು ನಿಲ್ಲಿಸುತ್ತದೆ. ಒಂದು ಗಿಡ ಇನ್ನೊಂದನ್ನು ಕೂಡಿಕೊಂಡಿತೆಂದರೆ ಕೆಳಗೆ ಬಿಸಿಲು ಬೀಳುವುದಿಲ್ಲ, ಕಳೆ ಹುಟ್ಟುವುದಿಲ್ಲ.

ಕೆರೆ ಏರಿಗಳಿಗೆ ಇದನ್ನು ಹೊದಿಸಬೇಕು ಅಂತ ಯೋಜನೆ ಬರೆದು ಕೊಟ್ಟಿದ್ದೇನೆ. ಮೊದಲು ಒಂದು ಮಾದರಿ ಏರಿ ಮಾಡಿ ತೋರಿಸು ಅಂದಿದ್ದಾರೆ. ಕಡಬದಷ್ಟು ದೊಡ್ಡ ಕೆರೆ ಬೇಡ. ನಿಮ್ಮ ಅಂಕಲಕಟ್ಟೆಯ ಏರಿ ಮಳೆ ಬಂದಾಗಲೆಲ್ಲ ಜಾರುತ್ತದೆ ಅನ್ನುತ್ತಿದ್ದೆಯಲ್ಲ? ಅದರ ಹೆಸರು ಕೊಡಲೇ? ಊರಲ್ಲಿ ಜಗಳಗಿಗಳ ಇದ್ದರೆ ಈಗಲೇ ಹೇಳಿಬಿಡು.

ಗಂಗಾಂಬಿಕೆ


ಅಂಕಲಕಟ್ಟೆ, ಗುಬ್ಬಿ ತಾಲ್ಲೂಕು
3 ಜುಲೈ 1979

ಗೆಳತಿ ಗಂಗಾ,

ಏರಿಗೆ ಸೀರೆ ಉಡಿಸಲು ಹೊರಟಿದ್ದೀಯ. ಚೆಂದ ಅನ್ನುವುದು ಹೊಟ್ಟೆ ತುಂಬಿದವರ ಮಾತು ಅಂತ ಭಾಷಣ ಮಾಡಿದವರು ನಾವೇ. ಇರಲಿ. ಹೋದ ಮಳೆಗಾಲದಲ್ಲಿ ಏರಿಯ ಮಣ್ಣು ಜಾರಿ ಬಂದು ನಮ್ಮ ಹಿತ್ತಲ ಗೋಡೆಗೆ ಒರಗಿ ಕೂತಿತ್ತು. ಏರಿಯ ಬುಡದಲ್ಲೇ ನಮ್ಮ ಕೇರಿ. ಅದು ಒಡೆದರೆ ಊರಿಗಿಂತ ಮೊದಲು ತೇಲುವವರು ದಲಿತರು. ಈ ವಿಷಯದಲ್ಲಿ ಮಾತ್ರ ನಮಗೆ ಯಾವತ್ತೂ ಮೊದಲ ಸ್ಥಾನ. ಹೆಸರು ಕೊಡು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. "ಎದ್ದು ನಿಲ್ದೇ ಇರೋ ಗಿಡ ಅದೆಂತದ್ಲಾ? ಚೇರ್ಮನ್ರ ಮುಂದೆ ನಿಂತಂಗೆ ಬಗ್ಗೇ ಇರ್ತದಾ?" ಅಂತ ನಕ್ಕಳು. ಹಣ್ಣು ತಿನ್ನಬಹುದಾ ಕೇಳು ಅಂದಳು.

ನನ್ನ ಶಾಲೆ ನಡೆಯುತ್ತಿದೆ. ಮಕ್ಕಳಿದ್ದಾರೆ, ಹೆಂಚಿಲ್ಲ. ಜಗಳ ಕೇಳಿದ್ದೀಯ. ಅಂಥದ್ದೇನೂ ಇಲ್ಲ. ಜಾಗ ನೋಡಲು ನೀನೇ ಬರುವುದಾದರೆ ನೇರ ಕೇರಿಗೆ ಬಾ, ಮನೆಯಲ್ಲಿ ಉಳಿ.

ಬೆಟ್ಟಯ್ಯ


ತುಮಕೂರು
20 ನವೆಂಬರ್ 1979

ಬೆಟ್ಟಯ್ಯ,

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಹಿಂಗಾರು ಚೆನ್ನಾಗಿ ಹಿಡಿಯಿತು. ಮಾಲಿಗಳು ನಿಮ್ಮೂರಲ್ಲಿ ಬಿಡಾರ ಹೂಡಿ ನೆಟ್ಟು ಬಂದಿದ್ದಾರೆ, ನೀನು ನೋಡಿರುತ್ತೀಯ. ಗಿಡದಿಂದ ಗಿಡಕ್ಕೆ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಬಿಟ್ಟಿದೆ. ಮೊದಲ ವರ್ಷ ಏನೂ ಬೆಳೆದಂತೆ ಕಾಣುವುದಿಲ್ಲ. ನೆಲದೊಳಗೆ ಬೇರು ಕೆಲಸ ಮಾಡುತ್ತಿರುತ್ತದೆ. ನಮ್ಮ ಸಂಘಟನೆ ಇದ್ದ ಹಾಗೆ ಅಂದುಕೋ.

ಚೇರ್ಮನ್ ಚನ್ನವೀರಯ್ಯನವರು ತುಂಬ ಸಹಕಾರ ಕೊಟ್ಟರಂತೆ. ನೀರು ಹಾಕಲು ಆಳು ಕೊಟ್ಟಿದ್ದಾರೆ. ಊರಿನವರಿಗೆ ಗಿಡದ ಮೇಲೆ ಇಷ್ಟು ಪ್ರೀತಿ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಹಣ್ಣು ತಿನ್ನಬಹುದು ಅಂತ ನಿಮ್ಮವ್ವನಿಗೆ ಹೇಳು. ಪೂರ್ತಿ ಕೆಂಪಾದ ಮೇಲೆ.

ಗಂಗಾ


ಅಂಕಲಕಟ್ಟೆ
26 ಜನವರಿ 1980

ಗೆಳತಿ ಗಂಗಾ,

ಶಾಲೆಯಲ್ಲಿ ಬಾವುಟ ಹಾರಿಸಿ ಬಂದು ಬರೆಯುತ್ತಿದ್ದೇನೆ. ಗಿಡ ಹಿಡಿದಿವೆ. ಪಂಚಾಯ್ತಿಯವರು ಏರಿಯ ಕೆಳಗೆ ಬೋರ್ಡು ನೆಟ್ಟಿದ್ದಾರೆ: "ಸರ್ಕಾರಿ ಗಿಡ. ತುಳಿದವರಿಗೆ ದಂಡ ಹಾಕಲಾಗುವುದು." ಬೋರ್ಡಿನ ಮುಖ ಊರ ಕಡೆಗಿಲ್ಲ, ಕೇರಿಯ ಕಡೆಗಿದೆ. ಕೇರಿಯಲ್ಲಿ ಅದನ್ನು ಓದಬಲ್ಲವರು ಕೆಲವರೇ. ಅರ್ಥವಾಗದವರು ಒಬ್ಬರೂ ಇಲ್ಲ.

ಇನ್ನೊಂದು ವಿಷಯ. ಕೇರಿಯ ಬಾವಿ ಸವಳು. ನಮ್ಮ ಹೆಂಗಸರು ಏರಿ ಹತ್ತಿ ಆಚೆಗೆ ಇಳಿದು ಕೆರೆಯ ನೀರು ತರುತ್ತಾರೆ. ಆ ದಾರಿಯ ಮೇಲೂ ಗಿಡ ನೆಟ್ಟಿದ್ದಾರೆ. ಸದ್ಯಕ್ಕೆ ಗಿಡ ಸಣ್ಣವು, ಮಧ್ಯೆ ಹೆಜ್ಜೆ ಇಟ್ಟು ಹೋಗುತ್ತಾರೆ, ಚೇರ್ಮನ್ನನ ಆಳು ಬೈಯುತ್ತಾನೆ. ಗೊತ್ತಿಲ್ಲದೆ ಆಗಿರಬಹುದು. ಎಲ್ಲೆಲ್ಲಿ ನೆಡಬೇಕು ಅಂತ ಗೀಟು ಹಾಕಿದವರು ಯಾರು? ವಿಚಾರಿಸಿ ಬರೆ.

ಬೆಟ್ಟಯ್ಯ


ತುಮಕೂರು
17 ಫೆಬ್ರವರಿ 1980

ಬೆಟ್ಟಯ್ಯ,

ನಿನ್ನ ಕಾಗದ ಓದಿ ಗಿಡ ಹಿಡಿದದ್ದಕ್ಕೆ ಖುಷಿಯಾಯಿತು. ಮೇಲಕ್ಕೆ ಚಾಚುವ ಕುಡಿಗಳನ್ನು ಚಿವುಟಿಸಬೇಕು, ಆಗಲೇ ಅಡ್ಡಡ್ಡ ಹರಡುವುದು. ಎಳೆ ಗಿಡದ ಬುಡ ತುಳಿದರೆ ಅಲ್ಲಿ ಹಳ್ಳ ಬೀಳುತ್ತದೆ, ಮಳೆಗೆ ಅಲ್ಲಿಂದಲೇ ಏರಿ ಕೊರೆಯುತ್ತದೆ. ಅದಕ್ಕೇ ಬೋರ್ಡು ಹಾಕಿರಬೇಕು. ನಿನಗೆ ಎಲ್ಲದರಲ್ಲೂ ಜಾತಿ ಕಾಣುತ್ತದೆ. ಎಲ್ಲವೂ ಜಾತಿಯಲ್ಲ.

ಕೇರಿಯವರು ನಿನ್ನ ಮಾತು ಕೇಳುತ್ತಾರೆ. ಒಂದೆರಡು ವರ್ಷ ಊರ ಬೀದಿ ಸುತ್ತಿಕೊಂಡು ಹೋಗಿ ಅಂತ ನೀನೇ ಹೇಳಬಾರದೇ? ಮುಂದಿನ ವರ್ಷ ಬೆಂಗಳೂರಿನಿಂದ ಮೇಲಿನವರು ಏರಿ ನೋಡಲು ಬರುತ್ತಾರೆ. ಚೆನ್ನಾಗಿದ್ದರೆ ನನಗೆ ಬಡ್ತಿ, ಜಿಲ್ಲೆಯ ಏರಿಗಳಿಗೆಲ್ಲ ಇದೇ ಗಿಡ.

ಗೀಟಿನ ವಿಷಯ ಕೇಳಿದ್ದೀಯ. ಕಚೇರಿಯಲ್ಲಿ ಎಷ್ಟೋ ಜನರ ಕೈ ಸೇರಿರುತ್ತದೆ, ಇಂಥವರು ಅಂತ ಹೇಳುವುದು ಕಷ್ಟ.

ಗಂಗಾ


ಅಂಕಲಕಟ್ಟೆ
9 ಏಪ್ರಿಲ್ 1981

ಮಾನ್ಯ ಗಂಗಾಂಬಿಕೆಯವರಿಗೆ,

ನಿಮ್ಮ ನೆಲಗವಳೆ ಕೂಡಿಕೊಂಡಿದೆ. ಏರಿಯ ಈ ತುದಿಯಿಂದ ಆ ತುದಿಗೆ ಹಸಿರು ಕಂಬಳಿ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಾರೆ. ಕಂಬಳಿಯ ಕೆಳಗೆ ನಮ್ಮ ದಾರಿ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನೀವಾಗಿಯೇ ಹೇಳುತ್ತೀರಿ ಅಂತ ಒಂದು ವರ್ಷಕ್ಕೂ ಮೇಲೆ ಕಾದೆ. ಹೇಳಲಿಲ್ಲ. ನಾನೇ ಹೇಳುತ್ತೇನೆ. ಗಿಡ ನೆಡುವ ಮುಂಚೆ ನೀವು ಜೀಪಿನಲ್ಲಿ ನಮ್ಮೂರಿಗೆ ಬಂದಿರಿ. ಚನ್ನವೀರಯ್ಯನ ಜೊತೆ ಏರಿ ಇಳಿದಿರಿ. ಆಗ ನನ್ನವ್ವ ಹನುಮಂತಮ್ಮ ಬಿಂದಿಗೆ ಹೊತ್ತು ಅದೇ ದಾರಿಯಲ್ಲಿ ಇಳಿಯುತ್ತಿದ್ದಳು. ನೀವು ಪಕ್ಕಕ್ಕೆ ಸರಿದು ನಿಂತಿರಿ. ಅವ್ವ ಮನೆಗೆ ಬಂದು, "ಯಾವ್ದೋ ಪ್ಯಾಟೆ ಹುಡ್ಗಿ ಕಣ್ಲಾ, ಒಳ್ಳೇವ್ಳು. ನಂಗೇ ದಾರಿ ಬುಟ್ಲು" ಅಂತ ಖುಷಿಪಟ್ಟಳು. ಆಮೇಲೆ ನೀವು ಚೇರ್ಮನ್ನನ ಮನೆಯಲ್ಲಿ ಉಂಡು ಹೊರಟುಹೋದಿರಿ. ಗೀಟು ಯಾರದು ಅಂತ ನಾನು ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ಚನ್ನವೀರಯ್ಯ ಬೀದಿಯಲ್ಲೇ ಹೇಳಿದ್ದ: "ಗೀಟು ಹಾಕಿದ್ದು ನಿಮ್ ಮೇಷ್ಟ್ರ ಗೆಳತೀನೇ ಕಣ್ರಯ್ಯಾ. ಅದು ಮೇಕೆ ಜಾಡು ಅಂದೆ, ಹೌದು ಅಂದ್ರು." ಮೇಕೆ ಬಿಂದಿಗೆ ಹೊರುತ್ತದೆಯೇ?

ನನ್ನದೂ ಒಂದು ಮಾತಿದೆ. ನಿಮ್ಮ ಗಿಡ ಬರುವ ಮೊದಲಿನ ಬೇಸಿಗೆಯಲ್ಲಿ ಆ ದಾರಿಗೆ ಊರಿನವರು ಜಾಲಿಮುಳ್ಳು ಬಡಿದಿದ್ದರು. ನಾವು ಕಿತ್ತು ಬಿಸಾಡಿದೆವು, ಹೊಡೆದಾಟವಾಯಿತು. ನಿಮಗೆ ಜಗಳ ಏನೂ ಇಲ್ಲ ಅಂತ ಬರೆದೆ. ನಮ್ಮೂರಿನ ಕೊಳಕನ್ನು ನಿಮ್ಮ ಮುಂದೆ ಹರವಲು ನಾಚಿಕೆಯಾಗಿತ್ತು. ಚನ್ನವೀರಯ್ಯನಿಗೆ ನಾಚಿಕೆ ಇರಲಿಲ್ಲ, ಬುದ್ಧಿ ಇತ್ತು. ಒಣ ಮುಳ್ಳು ಕಿತ್ತರೆ ಜಗಳ. ಹಸಿರು ಮುಳ್ಳು ಕಿತ್ತರೆ ಪೊಲೀಸ್ ಕೇಸು. ಊರು ಈಗ ನಮಗೆ ಮುಟ್ಟಬೇಡ ಅನ್ನುವುದಿಲ್ಲ, ಗಿಡ ತುಳಿಯಬೇಡ ಅನ್ನುತ್ತದೆ. ಹಾಗನ್ನಲು ಒಂದು ಗಿಡ ಬೇಕಾಗಿತ್ತು. ನೀವು ತಂದುಕೊಟ್ಟಿರಿ.

ಊರ ಬೀದಿ ಸುತ್ತಿ ಹೋಗಿ ಅಂದಿರಿ. ಹೋದರು. ಗುಡಿ ಮುಂದೆ ಯಾರಾದರೂ ಎದುರಾದರೆ ತುಂಬಿದ ಬಿಂದಿಗೆ ಇಳಿಸಿ ಗೋಡೆಗೆ ಒತ್ತಿ ನಿಲ್ಲಬೇಕು. ದಿನಾ ಎಷ್ಟು ಸಲ ಇಳಿಸುವುದು? ಅವ್ವ ರೋಸಿಹೋಗಿ ಹಳೆಯ ದಾರಿಯಲ್ಲೇ ಗಿಡ ದಾಟಲು ಹೋದಳು. ಮುಳ್ಳು ಪಾದದೊಳಗೆ ಮುರಿಯಿತು. ಕೀವಾಗಿ ಕಾಲು ಊದಿ, ಗುಬ್ಬಿ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಈಗ ಕುಂಟುತ್ತಾಳೆ.

ನಿಮಗೆ ಬಡ್ತಿ ಬಂತೇ?

ಬೆಟ್ಟಯ್ಯ


ತುಮಕೂರು
28 ಏಪ್ರಿಲ್ 1981

ಬೆಟ್ಟಯ್ಯ,

ನಿನ್ನ ಕಾಗದದಲ್ಲಿ ಸುಳ್ಳಿಲ್ಲ. ದಾರಿ ನನಗೆ ಕಂಡಿತ್ತು. ಅರ್ಧ ಏರಿಯಲ್ಲಿ ಬಿಂದಿಗೆ ಇಳಿಸಲು ಹಾಕಿದ ಚಪ್ಪಟೆ ಕಲ್ಲೂ ಕಂಡಿತ್ತು. ಚನ್ನವೀರಯ್ಯನವರು ಅಪ್ಪನ ಮಂಡಿಗೆ ಕೊಬ್ಬರಿ ಹಾಕುವವರು. ಅವರ ಎದುರು ನಿನ್ನ ಮನೆ ಎಲ್ಲಿ ಅಂತ ಕೇಳುವ ಧೈರ್ಯ ಬರಲಿಲ್ಲ. ಕೇರಿಗೆ ಬಾರದೆ ಹೋದವಳು, ದಾರಿಯನ್ನು ಮಾತ್ರ ದಾರಿ ಅಂತ ಹೇಗೆ ಅನ್ನಲಿ? ಸುಮ್ಮನೆ ಗೀಟು ಎಳೆದೆ.

ಹೆಚ್ಚು ಬರೆದರೆ ನೆಪ ಆಗುತ್ತದೆ. ಮಾಡಬಹುದಾದದ್ದು ಒಂದಿದೆ. ಇಂಥ ಗಿಡ ಹಾಕಿದ ಕಡೆ ಆಳು ಓಡಾಡಲು ನಡುವೆ ಒಂದು ಪಟ್ಟಿ ಬಿಡುವುದು ವಾಡಿಕೆ. ಫೈಲಿನಲ್ಲಿ ಅದನ್ನು ಕಳೆ ತೆಗೆಯುವ ಹಾದಿ ಅಂತ ಬರೆಯುತ್ತಾರೆ. ಈ ಏರಿಯಲ್ಲಿ ಅದು ಬಿಟ್ಟುಹೋಗಿದೆ ಅಂತ ಟಿಪ್ಪಣಿ ಇಟ್ಟು, ನಿಮ್ಮ ದಾರಿ ಇದ್ದ ಕಡೆಯೇ ಎರಡು ಆಳಿನಗಲ ಕಡಿಸುತ್ತೇನೆ. ಯಾರೂ ತಕರಾರು ಮಾಡುವಂತಿಲ್ಲ. ನೀವು ನಡೆಯಿರಿ. ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮವ್ವನ ಕಾಲು ಈಗ ಹೇಗಿದೆ? ಬಡ್ತಿಯ ಕಾಗದ ಬಂದಿಲ್ಲ, ಬರುವುದರಲ್ಲಿದೆ.

ಗಂಗಾಂಬಿಕೆ


ಅಂಕಲಕಟ್ಟೆ
10 ಮೇ 1981

ಗಂಗಾಂಬಿಕೆಯವರೇ,

ಯಾರಿಗೂ ಗೊತ್ತಾಗುವುದಿಲ್ಲ ಅಂತ ಬರೆದಿದ್ದೀರಿ. ಕದ್ದು ನಡೆಯಲು ಅದು ನಮ್ಮದಲ್ಲದ ದಾರಿಯೇ? ಬೇಡ ಅಂತ ಅವತ್ತೇ ಬರೆದುಬಿಡುತ್ತಿದ್ದೆ. ಆದರೆ ನೀರು ಹೊರುವವನು ನಾನಲ್ಲ. ಕೇರಿಯವರನ್ನು ಕೂರಿಸಿ ನಿಮ್ಮ ಕಾಗದ ಓದಿದೆ. ಒಪ್ಪಬಾರದು, ಅದು ನಮ್ಮ ದಾರಿ ಅಂತಲೇ ಸರ್ಕಾರ ಬರೆಯಬೇಕು ಅಂದೆ. ಎಲ್ಲರೂ ನನ್ನ ಮೇಲೇ ಬಿದ್ದರು.

"ಏನಾರ ಬರ್ಕೊಳ್ಲಿ ಬುಡು ಮೇಷ್ಟ್ರೇ, ಕಾಲಿಗೆ ಮುಳ್ ಚುಚ್ದಿದ್ರೆ ಸಾಕು" ಅಂದ ಜುಂಜಪ್ಪ.

"ಮೇಷ್ಟ್ರು ಹೆಸ್ರು ಕುಡ್ಕೊಂಡ್ ಬದುಕ್ತಾರೆ, ನಾವು ನೀರು ಕುಡೀಬೇಕಪ್ಪ" ಅಂದಳು ಅವನ ಹೆಂಡತಿ ಪುಟ್ಟತಾಯಮ್ಮ. ಕೇರಿಯೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿದೆ. ಜಾಥಾಗಳಲ್ಲಿ ನಾನು ಕೂಗಿದ ಮಾತುಗಳಿಗೆಲ್ಲ ಆಕೆಯ ಖಾಲಿ ಬಿಂದಿಗೆ ಉತ್ತರ ಹೇಳುತ್ತಿತ್ತು.

ಅವ್ವ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದವಳು ಕೇಳಿದಳು: "ಅಲ್ಲ ಕಣ್ಲಾ, ಕಳೆ ಕೀಳೋ ದಾರಿ ಅಂತ ಬರೀತಾಳಲ್ಲ, ಕಳೆ ಎಲ್ಲಾ ಕಿತ್ತಾದ ಮ್ಯಾಕೆ?"

ಅವ್ವ ನನ್ನ ಕೈಯಲ್ಲಿದ್ದ ಕಾಗದದ ಕಡೆ ಬೆರಳು ತೋರಿಸಿದಳು.

"ಈ ಗಿಡ ಹಬ್ಬುದ್ರೆ ಕಳೇನೇ ಹುಟ್ಟಾಕಿಲ್ಲ ಅಂತ ನೀನೇ ಓದಿ ಹೇಳಿದ್ದೆ. ಕಳೆ ಇಲ್ಲ ಅಂದ್ರೆ ದಾರಿ ಯಾಕೆ ಅಂತ ಆ ಚೇರ್ಮನ್ನ ನಾಳೆ ಕೇಳಾಕಿಲ್ವಾ? ಆಗೇನು, ಇನ್ನೊಂದ್ ಕಾಲೂ ಕುಯ್ಸ್ಕೊಳ್ಲಾ?"

ಪುಟ್ಟತಾಯಮ್ಮ ನನ್ನ ಕಡೆ ತಿರುಗಿ, "ಹಂಗಾದ್ರೆ ಬರ್ಸು ಮೇಷ್ಟ್ರೇ. ನಮ್ ದಾರಿ ಅಂತ್ಲೇ ಬರ್ಸು" ಅಂದಳು. ಕೇರಿಯ ತೀರ್ಮಾನ ಇದು. ದಾರಿ ಯಾರದು, ಯಾತಕ್ಕೆ, ಅದನ್ನು ಮುಚ್ಚಿದವರು ಯಾರು, ಮೂರನ್ನೂ ಬರೆಯಬೇಕು. ಮೂರನೆಯದನ್ನು ಬರೆದರೆ ನಿಮಗೇನಾಗುತ್ತದೆ ಅಂತ ನನಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಬೆಟ್ಟಯ್ಯ


ಕುಣಿಗಲ್
5 ಜುಲೈ 1981

ಬೆಟ್ಟಯ್ಯ,

ಮೇಲಿನ ಊರಿನ ಹೆಸರು ನೋಡಿದರೆ ನಿನಗೆ ಗೊತ್ತಾಗುತ್ತದೆ. ನಿನ್ನ ಕಾಗದ ತಲುಪಿದ ಮೇಲೆ ಎಷ್ಟೋ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋಗಿ ಬಂದೆ. ಕಳೆ ತೆಗೆಯುವ ಹಾದಿಯ ಟಿಪ್ಪಣಿ ಟೈಪಾಗಿ ಸಿದ್ಧವಿತ್ತು. ನಿಮ್ಮವ್ವನ ಪ್ರಶ್ನೆ ಅದನ್ನು ಮುಂದೆ ಹೋಗಲು ಬಿಡಲಿಲ್ಲ. ಗಿಡದ ಬಗ್ಗೆ ನಾನು ಬರೆದದ್ದು ನಿಜ, ಟಿಪ್ಪಣಿಯಲ್ಲಿ ಬರೆಯುತ್ತಿದ್ದದ್ದು ಸುಳ್ಳು. ಎರಡೂ ನನ್ನ ಕೈಬರಹ.

ಹರಿದು ಬೇರೆ ಬರೆದೆ. "ಇದು ಅಂಕಲಕಟ್ಟೆಯ ದಲಿತ ಕೇರಿಯವರು ತಲೆಮಾರುಗಳಿಂದ ಕುಡಿಯುವ ನೀರಿಗೆ ಹೋಗುತ್ತಿರುವ ದಾರಿ. ಇದು ದಾರಿಯೆಂದು ಕಂಡರೂ ನಾನು ಇದರ ಮೇಲೆ ಗಿಡ ಹಾಕಿಸಿದೆ. ಕೂಡಲೇ ತೆರವು ಮಾಡಿ, ಶಾಶ್ವತವಾಗಿ ದಾರಿಯೆಂದೇ ಬಿಡಬೇಕು."

ನಮ್ಮ ಸಾಹೇಬರು ಲಕ್ಷ್ಮೀನರಸಿಂಹಯ್ಯನವರು ಓದಿ ಕನ್ನಡಕ ತೆಗೆದಿಟ್ಟರು. "ಏನಮ್ಮಾ ಇದು? ದಾರಿ ಬಿಡೋಣ, ಅದಕ್ಕೇನಂತೆ. ಈ 'ಕಂಡರೂ' ಯಾಕೆ ಬೇಕು? 'ಕಣ್ತಪ್ಪಿನಿಂದ' ಅಂತ ಮಾಡಿ."

"ಕಣ್ತಪ್ಪಿಲ್ಲ ಸಾರ್. ನೋಡ್ದೆ."

"ನೋಡಿದೀನಿ ಅಂತ ಯಾರಾದ್ರೂ ಫೈಲಲ್ಲಿ ಬರೀತಾರೇನ್ರೀ? ಬಡ್ತಿ ಹೋಗುತ್ತೆ. ನಂಗೂ ಮೇಲಿಂದ ಉಗೀತಾರೆ."

"ಕಣ್ತಪ್ಪು ಅಂದ್ರೆ ನಾಳೆ ಅಲ್ಲಿ ದಾರೀನೇ ಇರ್ಲಿಲ್ಲ ಅಂತಾರೆ ಸಾರ್."

ಅವರು ಕೆಟ್ಟವರಲ್ಲ. ಬೈಯುತ್ತಲೇ ಸಹಿ ಹಾಕಿದರು. ದಾರಿ ಬಿಡಿಸುವ ಆದೇಶವೂ ನನ್ನ ವರ್ಗದ ಆದೇಶವೂ ಒಂದೇ ವಾರದಲ್ಲಿ ಬಂದವು. ಕುಣಿಗಲ್ಲಿನ ಈ ನರ್ಸರಿಯಲ್ಲಿ ತೆಂಗಿನ ಸಸಿ ಬಿಟ್ಟರೆ ಬೇರೇನಿಲ್ಲ. ಕೊತ್ತಗೆರೆ ಕಡೆಯ ರೈತರು ಬಂದು, "ಈ ಹೆಣ್ಮಗ ಯಾರಪ್ಪಾ?" ಅನ್ನುವಂತೆ ನೋಡಿ ಸಸಿ ಒಯ್ಯುತ್ತಾರೆ. ಬಡ್ತಿಯ ಮಾತು ಮುಗಿಯಿತು. ಚನ್ನವೀರಯ್ಯನವರು ಮಂಡಿ ಬದಲಾಯಿಸಿದ್ದಾರೆ. ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ.

ಇದನ್ನೆಲ್ಲ ತ್ಯಾಗ ಅಂತ ಬರೆಯುತ್ತಿಲ್ಲ. ನಿಮ್ಮವ್ವ ಕುಂಟುವಾಗ ನಾನು ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿದ್ದೇನೆ. ಒಂದು ಮಾತು ಕೇಳಬೇಕು. ನಾನು ಆಕೆಗೆ ಮುಖ ತೋರಿಸಬಹುದೇ? ಬೇಡವೆಂದರೆ ಬೇಡವೆಂದೇ ಬರೆ.

ಗಂಗಾ


ಅಂಕಲಕಟ್ಟೆ
2 ಆಗಸ್ಟ್ 1981

ಗಂಗಾ,

ದಾರಿ ತೆರೆಯಿತು. ನಿಮ್ಮ ಮಾಲಿಗಳು ಆದೇಶ ಹಿಡಿದು ಬಂದರು, ಕೇರಿಯ ಗಂಡಸರು ಗುದ್ದಲಿ ಹಿಡಿದರು. ಆ ಗಿಡದ ಬೇರು ನಿಜವಾಗಿಯೂ ಗಟ್ಟಿ. ಕಡಿದ ಕಡೆಯೆಲ್ಲ ಹಾಲು ಸುರಿದು ಕೈ ಅಂಟಂಟಾಯಿತು. ಅದರ ತಪ್ಪೇನಿದೆ, ನೆಟ್ಟಲ್ಲಿ ಬೆಳೆದಿದೆ. ಉಳಿದ ಏರಿಯಲ್ಲಿ ಹಾಗೇ ಬಿಟ್ಟಿದ್ದೇವೆ. ಈ ಮಳೆಗೆ ನಮ್ಮ ಹಿತ್ತಲಿಗೆ ಒಂದು ಹಿಡಿ ಮಣ್ಣೂ ಬಂದಿಲ್ಲ. ಇದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ಚನ್ನವೀರಯ್ಯ ಏರಿಯ ಮೇಲೆ ಛತ್ರಿ ಹಿಡಿದು ನಿಂತಿದ್ದ. "ಚೆಂದಾಗಿದ್ದ ಏರಿಗೆ ಬೈತಲೆ ತೆಗ್ದಂಗೆ ಮಾಡ್ಬುಟ್ರಲ್ರಯ್ಯಾ" ಅಂದ.

ಅವ್ವ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಕುಂಟುತ್ತಾ ಹತ್ತುತ್ತಿದ್ದಳು. "ಬೈತಲೆ ಇಲ್ದಿರೋ ಮುತ್ತೈದೆ ಎಲ್ಲವ್ಳೆ ಬುಡಿ ಚೇರ್ಮನ್ರೇ" ಅಂದಳು. ಹುಟ್ಟಿದಾಗಿನಿಂದ ಆ ಮನೆಯವರನ್ನು ಬುದ್ದಿ ಅಂತಲೇ ಕರೆದವಳು. ನನಗೆ ಅವತ್ತು ದಾರಿಗಿಂತ ಅದೇ ದೊಡ್ಡದಾಗಿ ಕೇಳಿಸಿತು.

ಗೆದ್ದೆವು ಅಂತ ಬರೆಯುವ ಆಸೆ. ಆದರೆ ಎರಡೇ ಮಳೆಗೆ ಎರಡೂ ಬದಿಯಿಂದ ಗಿಡ ಮತ್ತೆ ದಾರಿಯೊಳಕ್ಕೆ ಕುಡಿ ಚಾಚಿದೆ. ಚೇರ್ಮನ್ನ ಬಂದು ಎಳೆದು ಬಿಟ್ಟದ್ದಲ್ಲ, ಅದರ ಗುಣವೇ ಅದು. ದಾರಿ ಅಂತ ಫೈಲಿನಲ್ಲಿ ಬರೆದದ್ದು ಗಿಡಕ್ಕೆ ಗೊತ್ತಿಲ್ಲ, ಊರಿನ ಎಷ್ಟೋ ಜನಕ್ಕೂ ಗೊತ್ತಾದಂತಿಲ್ಲ. ಅವ್ವ ದಿನಾ ನೀರಿಗೆ ಹೋಗುವಾಗ ಕುಡುಗೋಲು ಒಯ್ದು, ಚಾಚಿದ್ದನ್ನು ಸವರಿಕೊಂಡೇ ಹೋಗುತ್ತಾಳೆ. ನಾವು ಜಾಥಾ ಮುಗಿಸಿ ಮನೆಗೆ ಬರುತ್ತಿದ್ದೆವಲ್ಲ, ಈ ಕೆಲಸಕ್ಕೆ ಹಾಗೆ ಮನೆಗೆ ಬರುವುದು ಇಲ್ಲ ಅಂತ ಕಾಣುತ್ತದೆ.

ನೀನು ಕೇಳಿದ ಮಾತನ್ನು ಅವ್ವನಿಗೆ ಹೇಳಿದೆ. ಕ್ಷಮೆಯನ್ನು ನಾನು ಕೊಡಲಾರೆ, ಕಾಲು ನನ್ನದಲ್ಲ. ಅವ್ವ ಕುಡುಗೋಲು ಮಸೆಯುತ್ತಲೇ ಕೇಳಿಸಿಕೊಂಡಳು. ಕೊನೆಗೆ ಅಂದದ್ದನ್ನು ಹಾಗೇ ಬರೆಯುತ್ತೇನೆ: "ಮಕ ನೋಡ್ಕೊಂಡು ನಾನೇನ್ ಮಾಡ್ಲಿ? ನೆಟ್ಟೋಳು ಅವ್ಳೇ ತಾನೆ, ಬಂದು ಸವರ್ಲಿ. ನಂಗೆ ದಿನಾ ಬಗ್ಗಾಕಾಗಾಕಿಲ್ಲ. ಮುಗಿಸ್ದ ಮ್ಯಾಲೆ ಮುದ್ದೆ ಇಕ್ತೀನಿ, ಉಣ್ತಾಳಾ ಕೇಳು."

ಭಾನುವಾರ ಬಾ. ಕತ್ತರಿ ನೀನೇ ತಾ. ನಮ್ಮ ಮನೆಯಲ್ಲಿರುವುದು ಒಂದೇ ಕುಡುಗೋಲು, ಅದನ್ನು ಅವ್ವ ಯಾರ ಕೈಗೂ ಕೊಡುವುದಿಲ್ಲ.

ಬೆಟ್ಟಯ್ಯ